ಕಾರು ಗುಜರಿಗೆ, ಹೆಸರು ಎಲ್ಲಿಗೆ?

ತುಮಕೂರು ಜಿಲ್ಲೆಯ ಹಂದನಕೆರೆ ಕಡೆಯ ತೋಟದ ಮನೆಗಳಲ್ಲಿ ಹಳೆಯ ಕಾರು ಒಂದೇ ದಿನಕ್ಕೆ ಸಾಯುವುದಿಲ್ಲ. ಮೊದಲು ಬ್ಯಾಟರಿ ಹೋಗುತ್ತದೆ. ಆಮೇಲೆ ಯಾರೋ ಅದನ್ನು ಟ್ರ್ಯಾಕ್ಟರಿಗೆ ಕಟ್ಟಿ ಅಂಗಳದಿಂದ ಹಿತ್ತಲಿಗೆ ಎಳೆದು ನಿಲ್ಲಿಸುತ್ತಾರೆ. ಟಾಪಿನ ಮೇಲೆ ಸೋಗೆ ಬೀಳುತ್ತದೆ, ಟಯರು ಮಣ್ಣಿಗಿಳಿಯುತ್ತದೆ, ಹಿಂದಿನ ಸೀಟಿನಲ್ಲಿ ಕೋಳಿ ಕಾವಿಗೆ ಕೂರುತ್ತದೆ. ಕೊಬ್ಬರಿಗೆ ಒಳ್ಳೆ ರೇಟು ಬಂದ ವರ್ಷ ಕೊಂಡ ಅಂಬಾಸಿಡರೋ, ಫಿಯೆಟ್ಟೋ, ಮಾರುತಿ 800ಓ, ಯಾವುದಾದರೂ ಸರಿ, ಗತಿ ಇದೇ. ಕೊನೆಗೊಂದು ದಿನ ಮೈಕು ಕಟ್ಟಿಕೊಂಡ ಗುಜರಿ ಗಾಡಿ ಬಾಗಿಲಿಗೆ ಬರುತ್ತದೆ.

“ಯಜಮಾನ್ರೇ, ಆರ್‌ಸಿ ಐತಾ?”

“ಎಲ್ಲೋ ಇತ್ತು ಕಣಪ್ಪ.”

“ಹಂಗಾದ್ರೆ ಕಬ್ಬಿಣದ ರೇಟೇ.”

ಇಂಥ ಮಾತುಕತೆ ನಡೆಯದ ಊರು ಈ ಸೀಮೆಯಲ್ಲಿ ಇರಲಾರದು. ಓಡದ ಕಾರಿಗೆ ಕಾಗದ ಯಾಕೆ ಎಂದು ಯಜಮಾನರಿಗೆ ಸಿಟ್ಟು ಬರುವುದೂ ಸಹಜವೇ. ಆದರೆ ಓಡುವ ಕಾರಿಗಿಂತ ಓಡದ ಕಾರಿಗೇ ಕಾಗದ ಹೆಚ್ಚು ಬೇಕು. ಅದು ಹೀಗಾದದ್ದಕ್ಕೆ ಒಂದು ನೂರಾಮೂವತ್ತು ವರ್ಷದ ಕಥೆಯಿದೆ.

ಮೋಟಾರು ಗಾಡಿಗೆ ಮಾಲೀಕನ ಹೆಸರು ಅಂಟಿದ್ದು 1893ರಲ್ಲಿ, ಪ್ಯಾರಿಸ್‌ನಲ್ಲಿ. ಗಾಡಿಯ ಮೇಲೆ ಮಾಲೀಕನ ಹೆಸರು, ವಿಳಾಸ, ಪರವಾನಗಿಯ ನಂಬರು ಬರೆದಿರಬೇಕು ಎಂದು ಅಲ್ಲಿನ ಪೊಲೀಸರು ಆಜ್ಞೆ ಹೊರಡಿಸಿದರು. ಗುದ್ದಿ ಓಡಿಹೋದವನನ್ನು ಹಿಡಿಯುವುದು ಹೇಗೆ ಎಂಬುದಷ್ಟೇ ಅವರ ಚಿಂತೆ. ಇಂಗ್ಲೆಂಡಿನಲ್ಲಿ 1904ರಿಂದ ನಂಬರ್ ಪ್ಲೇಟು ಕಡ್ಡಾಯವಾಯಿತು. ಬ್ರಿಟಿಷ್ ಇಂಡಿಯಾಕ್ಕೆ ಮೋಟಾರು ವಾಹನ ಕಾಯ್ದೆ ಬಂದದ್ದು 1914ರಲ್ಲಿ, ಮತ್ತೆ 1939ರಲ್ಲಿ. ಈಗ ನಾವು ಬದುಕುತ್ತಿರುವುದು 1988ರ ಕಾಯ್ದೆಯ ಅಡಿ; ಜಾರಿಗೆ ಬಂದದ್ದು 1989ರ ಜುಲೈ 1ರಂದು. ಎಂ.ವೈ., ಸಿ.ಎ. ಎಂದು ಶುರುವಾಗುತ್ತಿದ್ದ ಹಳೆಯ ನಂಬರುಗಳು ನಿಂತು ಕೆಎ ಬಂದದ್ದೂ ಆಗಲೇ. ತುಮಕೂರು ಕೆಎ 06, ತಿಪಟೂರು ಕೆಎ 44. ಹಿತ್ತಲ ಕಾರಿನ ಪ್ಲೇಟಿನಲ್ಲಿ ಇನ್ನೂ ಎಂ.ವೈ. ಉಳಿದಿದ್ದರೆ ಅದರ ವಯಸ್ಸು ಕೇಳುವ ಅಗತ್ಯವೇ ಇಲ್ಲ.

ತೊಡಕಿರುವುದು ‘ಮಾಲೀಕ ಯಾರು’ ಎನ್ನುವಲ್ಲಿ. 1930ರ ಸರಕು ಮಾರಾಟ ಕಾಯ್ದೆಯ ಕಣ್ಣಿಗೆ ಕೊಬ್ಬರಿ ಮೂಟೆ, ಎಮ್ಮೆ, ಕಾರು ಎಲ್ಲವೂ ಸರಕೇ. ಮಾತಾಯಿತು, ದುಡ್ಡು ಕೈ ಬದಲಾಯಿತು, ವಸ್ತು ದಾಟಿತು ಎಂದರೆ ಮಾರಾಟ ಮುಗಿಯಿತು. ತಲೆತಲಾಂತರದಿಂದ ಸಂತೆಯಲ್ಲಿ ಹೀಗೇ ವ್ಯವಹಾರ ಮಾಡಿದ ಜನಕ್ಕೆ ಅದು ನ್ಯಾಯವಾಗಿಯೇ ಕಾಣುತ್ತದೆ. ಮೋಟಾರು ಕಾಯ್ದೆಯ ಲೆಕ್ಕ ಬೇರೆ. ಅದರ 2(30)ನೇ ಕಲಮಿನ ಪ್ರಕಾರ ಯಾರ ಹೆಸರಿನಲ್ಲಿ ನೋಂದಣಿಯಿದೆಯೋ ಅವರೇ ಮಾಲೀಕರು. ಕಾರು ಯಾರ ಕೊಟ್ಟಿಗೆಯಲ್ಲಿದೆ ಎಂಬುದನ್ನು ಅದು ಕೇಳುವುದೇ ಇಲ್ಲ. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಖಡಾಖಂಡಿತವಾಗಿ ಹೇಳಿತು. ಆ ಪ್ರಕರಣದಲ್ಲಿ ಕಾರು ಒಬ್ಬರಿಂದ ಒಬ್ಬರಿಗೆ ಹಲವು ಕೈ ದಾಟಿತ್ತು, ರಿಜಿಸ್ಟರಿನಲ್ಲಿ ಹೆಸರು ಮಾತ್ರ ಮೊದಲಿನವರದೇ ಇತ್ತು. ಅಪಘಾತದ ಪರಿಹಾರ ಆ ಹೆಸರಿನವರ ತಲೆಗೇ ಬಂತು.

ಇಷ್ಟೊಂದು ಕೈ ದಾಟಿಯೂ ಹೆಸರು ಬದಲಾಗದಿರುವುದು ಹೇಗೆ? ಖಾಲಿ ಫಾರಂಗಳಿಂದ. ಮಾರುವವರಿಂದ 29 ಮತ್ತು 30ನೇ ನಮೂನೆಗೆ ಸಹಿ ಹಾಕಿಸಿಕೊಂಡು, ಕೊಳ್ಳುವವರ ಜಾಗ ಖಾಲಿ ಬಿಟ್ಟು, ಬ್ರೋಕರು ಆ ಕಾಗದವನ್ನೇ ಕಾರಿನ ಜೊತೆ ಸಾಗಿಸುತ್ತಿದ್ದ. ಮಾರಿದವರು ರಾಜ್ಯದೊಳಗಾದರೆ 14 ದಿನದೊಳಗೆ ತಿಳಿಸಬೇಕು, ಕೊಂಡವರು 30 ದಿನದೊಳಗೆ ಅರ್ಜಿ ಹಾಕಬೇಕು ಎಂಬ ನಿಯಮ ಪುಸ್ತಕದಲ್ಲೇ ಉಳಿಯಿತು. 2023ರ ಏಪ್ರಿಲ್‌ನಿಂದಷ್ಟೇ, ಹಳೆ ವಾಹನದ ಅಧಿಕೃತ ಡೀಲರ್ ಕೈಗೆ ಕಾರು ಹೋದ ಮೇಲೆ ಆತನನ್ನೇ ಮಾಲೀಕನೆಂದು ಪರಿಗಣಿಸುವ ನಿಯಮ ಜಾರಿಯಾಗಿದೆ. ಅದಕ್ಕೂ ಮುಂಚೆ ಹಳ್ಳಿಗೆ ಬಂದ ಸೆಕೆಂಡ್ ಹ್ಯಾಂಡ್ ಕಾರುಗಳಲ್ಲಿ ಎಷ್ಟೋ ಇನ್ನೂ ಅಪರಿಚಿತರ ಹೆಸರಿನಲ್ಲೇ ತುಕ್ಕು ಹಿಡಿಯುತ್ತಿವೆ.

ಇನ್ನು ಕಾಗದ ಕಳೆಯುವ ಬಗೆ. ಈಗಿನ ಕಾರ್ಡಿಗೆ ಮುಂಚೆ ಆರ್‌ಸಿ ಎಂದರೆ ಪುಟ್ಟ ಪುಸ್ತಕ. ಅದು ಡ್ಯಾಶ್‌ಬೋರ್ಡಿನಲ್ಲಿದ್ದರೆ ಇಲಿಗೆ, ಟ್ರಂಕಿನಲ್ಲಿದ್ದರೆ ಗೆದ್ದಲಿಗೆ. ಸಾಲದ ಕಾರಾದರೆ ಫೈನಾನ್ಸಿನವರ ಬಳಿಯೇ ಉಳಿದಿರಬಹುದು. ಸಾಲ ತೀರಿ ಇಪ್ಪತ್ತು ವರ್ಷವಾಗಿರುತ್ತದೆ, ಫೈನಾನ್ಸ್ ಕಂಪನಿಯೇ ಮುಚ್ಚಿರುತ್ತದೆ, ಆದರೆ ಆರ್‌ಸಿಯಲ್ಲಿನ ಸಾಲದ ನಮೂದು (ಎಚ್‌ಪಿ) ತೆಗೆಸಲು 35ನೇ ನಮೂನೆಯಲ್ಲಿ ಅವರ ಸಹಿಯೇ ಬೇಕು. ಎಲ್ಲಕ್ಕಿಂತ ಹೆಚ್ಚಾಗಿ ಆರ್‌ಸಿ ಕಳೆಯುವುದು ಅಣ್ಣತಮ್ಮಂದಿರು ಪಾಲಾಗುವಾಗ. ವಿಭಾಗಪತ್ರದಲ್ಲಿ ಬಾವಿ, ಪಂಪ್‌ಸೆಟ್ಟು, ಬದುವಿನ ಮೇಲಿನ ತೆಂಗಿನ ಮರ ಯಾರಿಗೆ ಎಂಬುದೆಲ್ಲ ಇರುತ್ತದೆ. ಹಿತ್ತಲ ಕಾರಿನ ಮಾತೇ ಇರುವುದಿಲ್ಲ. ಯಾರಿಗೂ ಬೇಡವಾದದ್ದು ಯಾರ ಪಾಲಿಗೂ ಬರುವುದಿಲ್ಲ. ಗುಜರಿಯವನು ದುಡ್ಡು ಎಣಿಸಲು ನಿಂತಾಗ ಮಾತ್ರ ಎಲ್ಲರಿಗೂ ಅದು ಅಪ್ಪನ ಕಾರು.

ದಾರಿ ಇಲ್ಲದಿಲ್ಲ. ಉದ್ದವಿದೆ, ಅಷ್ಟೇ. ಶುರು ಮಾಡಬೇಕಾದ್ದು ಚಾಸಿ ನಂಬರಿನಿಂದ. ಪ್ಲೇಟು ಬಿದ್ದುಹೋಗಿರಬಹುದು, ಬಣ್ಣ ಬದಲಾಗಿರಬಹುದು, ಚಾಸಿಯ ಮೇಲೆ ಕೊರೆದದ್ದು ಉಳಿದಿರುತ್ತದೆ. ತುಕ್ಕು ಒರೆಸಿ, ಕಾಗದವಿಟ್ಟು ಪೆನ್ಸಿಲ್ ಉಜ್ಜಿದರೆ ಅಂಕಿ ಮೂಡುತ್ತದೆ. ಆ ಪೆನ್ಸಿಲ್ ಪ್ರಿಂಟನ್ನೇ ಆರ್‌ಟಿಓ ಕಚೇರಿಯ ಫಾರಂಗಳೂ ಕೇಳುತ್ತವೆ. ನಂಬರು ಸಿಕ್ಕ ಮೇಲೆ ನೋಂದಣಿಯಾದ ಕಚೇರಿಯಿಂದ ‘ಬಿ ಎಕ್ಸ್‌ಟ್ರ್ಯಾಕ್ಟ್’ ಪಡೆಯಬೇಕು, ಅಂದರೆ ಅವರ ರಿಜಿಸ್ಟರಿನ ನಕಲು. ಕಾರು ಯಾರ ಹೆಸರಿನಲ್ಲಿದೆ, ಸಾಲದ ನಮೂದು ಇದೆಯೇ ಎಂಬುದು ಅದರಲ್ಲಿ ಗೊತ್ತಾಗುತ್ತದೆ. ಹಳೆಯ ದಪ್ಪ ರಿಜಿಸ್ಟರಿನಿಂದ ವಾಹನ್ ಕಂಪ್ಯೂಟರಿಗೆ ಏರದ ಗಾಡಿಗಳೂ ಇವೆ. ಅಂಥದ್ದಾದರೆ ಮೊದಲು ಅದನ್ನು ಏರಿಸಬೇಕು.

ಹೆಸರಿನವರು ಬದುಕಿದ್ದರೆ ಕೆಲಸ ಹಗುರ. ಪೊಲೀಸರ ಇ-ಲಾಸ್ಟ್‌ನಲ್ಲಿ ಕಳೆದುಹೋದ ಬಗ್ಗೆ ದೂರು, 26ನೇ ನಮೂನೆಯಲ್ಲಿ ಅರ್ಜಿ ಸಲ್ಲಿಸಿದರೆ ನಕಲು ಆರ್‌ಸಿ ಸಿಗುತ್ತದೆ. ತೀರಿಕೊಂಡಿದ್ದರೆ ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ವಂಶವೃಕ್ಷ, ಉಳಿದ ವಾರಸುದಾರರ ಒಪ್ಪಿಗೆಯ ಅಫಿಡವಿಟ್ಟು, 31ನೇ ನಮೂನೆ. ಈ ಅರ್ಜಿಗೆ ಮೂರು ತಿಂಗಳ ಗಡುವಿದೆ ಎಂಬುದು ತಿಥಿ ಊಟದ ಗದ್ದಲದಲ್ಲಿ ಯಾರಿಗೆ ನೆನಪಿರುತ್ತದೆ? ಹಂದನಕೆರೆ ಹೋಬಳಿಯವರು ವಂಶವೃಕ್ಷ ಮಾಡಿಸುವುದು ಪೌತಿಖಾತೆಗೆ, ಬ್ಯಾಂಕಿಗೆ. ಕಾರಿಗೂ ಅದು ಬೇಕು ಎಂದರೆ ನಗುತ್ತಾರೆ.

ಈ ಉಸಾಬರಿಯೆಲ್ಲ ಬೇಡವೆಂದು ಕಬ್ಬಿಣದ ರೇಟಿಗೆ ಕೊಟ್ಟುಬಿಟ್ಟರೆ? ಕೊಡುವವರೇ ಬಹಳ. ಆದರೆ ಕಾರು ತುಂಡಾದರೂ ಹೆಸರು ತುಂಡಾಗುವುದಿಲ್ಲ. ವಾಹನ ಬಳಕೆಗೆ ಬಾರದಂತಾದರೆ 14 ದಿನದೊಳಗೆ ತಿಳಿಸಿ ಆರ್‌ಸಿ ಒಪ್ಪಿಸಿ ನೋಂದಣಿ ರದ್ದು ಮಾಡಿಸಬೇಕೆಂದು 55ನೇ ಕಲಮು ಹೇಳುತ್ತದೆ. ಹಾಗೆ ಮಾಡದೆ ಕೊಟ್ಟರೆ ಆ ನಂಬರು, ಆ ಚಾಸಿ ತಟ್ಟೆ ಇನ್ನೊಂದು ಗಾಡಿಗೆ ಏರುವ ಅಪಾಯವಿದೆ. ಕದ್ದ ಕಾರಿಗೆ ಸತ್ತ ಕಾರಿನ ಗುರುತು ಹಾಕುವುದು ಹಳೆಯ ವಿದ್ಯೆ. ಕೊಳ್ಳುವವನಿಗೂ ಭಯ ತಪ್ಪಿದ್ದಲ್ಲ. ಕಳವಿನದೆಂದು ಗೊತ್ತಿದ್ದೂ ಮಾಲು ಇಟ್ಟುಕೊಂಡರೆ ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಮು ಬೀಳುತ್ತದೆ. ಗುಜರಿಯವನು ಆರ್‌ಸಿ ಕೇಳುವುದರಲ್ಲಿ ರೇಟು ಇಳಿಸುವ ಉಪಾಯ ಇರಬಹುದು. ಅರ್ಧಪಾಲು ಹೆದರಿಕೆಯೂ ಇದೆ ಎಂದೇ ನನಗನ್ನಿಸುತ್ತದೆ.

ಸಾಯುವ ಕಾರಿಗೆ ಸರ್ಕಾರ ಪ್ರತ್ಯೇಕ ಶಾಸ್ತ್ರ ಬರೆದದ್ದು ತೀರ ಈಚೆಗೆ, 2021ರ ಸೆಪ್ಟೆಂಬರಿನಲ್ಲಿ. ಈಗ ನೋಂದಾಯಿತ ಗುಜರಿ ಘಟಕಕ್ಕೆ ಕಾರು ಒಪ್ಪಿಸಿದರೆ ‘ಸರ್ಟಿಫಿಕೇಟ್ ಆಫ್ ಡೆಪಾಸಿಟ್’ ಕೊಡುತ್ತಾರೆ. ಅದನ್ನು ತೋರಿಸಿ ಹೊಸ ಸ್ವಂತ ಕಾರು ಕೊಂಡರೆ ತೆರಿಗೆಯಲ್ಲಿ ಶೇ 25ರವರೆಗೆ ರಿಯಾಯಿತಿ ನೀಡಬಹುದೆಂದು ಕೇಂದ್ರದ ನಿಯಮ ಹೇಳುತ್ತದೆ. ಕಾರು ಕಳವಿನದೇ ಎಂದು ಪೊಲೀಸ್ ದಾಖಲೆ ನೋಡುವುದು, ಚಾಸಿ ನಂಬರಿರುವ ತುಂಡನ್ನು ಕತ್ತರಿಸಿ ಜೋಪಾನ ಮಾಡುವುದು ಘಟಕದ ಜವಾಬ್ದಾರಿ. ಇತ್ತ 2022ರ ಏಪ್ರಿಲ್‌ನಿಂದ 15 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿತು. ಹಳೆಯದನ್ನು ಇಟ್ಟುಕೊಳ್ಳಲು ದುಬಾರಿ, ಒಪ್ಪಿಸಲು ಬಹುಮಾನ: ಲೆಕ್ಕ ಚೆನ್ನಾಗಿಯೇ ಇದೆ. ಆದರೆ ಒಪ್ಪಿಸಬೇಕಾದವರು ನೋಂದಾಯಿತ ಮಾಲೀಕರು, ಅವರು ಅಧಿಕಾರ ಕೊಟ್ಟವರು, ಇಲ್ಲವೇ ವಾರಸುದಾರರು. ಅಪರಿಚಿತರ ಹೆಸರಿನ ಕಾರನ್ನು ಹಿತ್ತಲಲ್ಲಿಟ್ಟುಕೊಂಡವರು ಈ ಮೂರರಲ್ಲಿ ಯಾರೂ ಅಲ್ಲ. ಅಂಥವರಿಗೆ ಸುಲಭದ ಬಾಗಿಲೊಂದನ್ನು ನಿಯಮ ಬರೆದವರು ಇಡಬೇಕಿತ್ತು.

ತೀರ ಹಳೆಯ ಗಾಡಿಗೆ ಮಾತ್ರ ಇನ್ನೊಂದು ಹಾದಿ ತೆರೆದಿದೆ. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ್ದು, ವಾಣಿಜ್ಯ ಬಳಕೆಯದಲ್ಲದಿದ್ದರೆ ‘ವಿಂಟೇಜ್’ ಎಂದು ನೋಂದಾಯಿಸಲು 2021ರ ಜುಲೈನಲ್ಲಿ ನಿಯಮ ಬಂತು. ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ, ನಂಬರಿನಲ್ಲಿ ‘ವಿಎ’ ಅಕ್ಷರ. ಎಪ್ಪತ್ತರ ದಶಕದ ಮೊದಲ ಪ್ರೀಮಿಯರ್ ಪದ್ಮಿನಿಗಳು ಈಗ ಈ ಗೆರೆ ದಾಟಿವೆ. ಆದರೆ ಭಾರತದಲ್ಲಿ ಮೊದಲೇ ನೋಂದಣಿಯಾದ ಗಾಡಿಯಾದರೆ ಆ ಅರ್ಜಿಗೂ ಹಳೆಯ ಆರ್‌ಸಿ ಲಗತ್ತಿಸಬೇಕು. ಹಾಗಾಗಿ ಹಳೆ ಫಿಯೆಟ್ ಹುಡುಕಿಕೊಂಡು ಹಳ್ಳಿಗೆ ಬರುವ ಹವ್ಯಾಸಿಗಳಲ್ಲಿ ತಿಳಿದವರು ಮೊದಲು ಚಾಸಿ ನಂಬರಿನ ಫೋಟೊ ತೆಗೆದುಕೊಂಡು ಹೋಗಿ ಬಿ ಎಕ್ಸ್‌ಟ್ರ್ಯಾಕ್ಟ್ ತೆಗೆಸುತ್ತಾರೆ. ಚೌಕಾಸಿ ಏನಿದ್ದರೂ ಆಮೇಲೆ.