ಬಣ್ಣದ ವೇಷ ಬಂದಾಗ ಅಳುವ ತಮ್ಮ

ಬಯಲಾಟಕ್ಕೆ ಹೋದಾಗ ನೀವು ನೋಡಿರಬಹುದು. ಚೆಂಡೆ ಜೋರಾಗುತ್ತದೆ, ಬಣ್ಣದ ವೇಷ ಅಬ್ಬರಿಸುತ್ತಾ ಬರುತ್ತದೆ. ಒಂದೇ ಪ್ರಾಯದ ಇಬ್ಬರು ಮಕ್ಕಳಲ್ಲಿ ಒಬ್ಬ ಕುಣಿಯುತ್ತಾನೆ, ಇನ್ನೊಬ್ಬ ಅಮ್ಮನ ಸೆರಗಿನೊಳಗೆ ಮುಖ ಹುದುಗಿಸುತ್ತಾನೆ. ಆ ಎರಡನೆಯವ ನಿಮ್ಮ ತಮ್ಮನೇ ಆಗಿದ್ದರೆ 'ಪುಕ್ಕಲ' ಅಂತ ಹೆಸರಿಡುವ ಮೊದಲು ಸ್ವಲ್ಪ ನಿಲ್ಲಿ.

ಅಮೆರಿಕದ ಮನೋವಿಜ್ಞಾನಿ ಜೆರೋಮ್ ಕೇಗನ್ ನಾಲ್ಕು ತಿಂಗಳ ನೂರಾರು ಶಿಶುಗಳಿಗೆ ಹೊಸ ಆಟಿಕೆ ತೋರಿಸಿ, ಹೊಸ ಧ್ವನಿ ಕೇಳಿಸಿ, ಹೊಸ ವಾಸನೆ ಹಿಡಿದು ಪರೀಕ್ಷಿಸಿದರು. ಸುಮಾರು ಐದರಲ್ಲೊಂದು ಶಿಶು ಕೈಕಾಲು ಬಡಿದು, ಬೆನ್ನು ಸೆಟೆದು ಅತ್ತಿತು. ಇಂಥ ಮಕ್ಕಳು ಎರಡು ವರ್ಷದ ಹೊತ್ತಿಗೆ ಹೊಸಬರನ್ನು, ಹೊಸ ವಸ್ತುಗಳನ್ನು ಕಂಡರೆ ಹಿಂದೆ ಸರಿಯುವುದು ಹೆಚ್ಚು. ನಾಲ್ಕು ತಿಂಗಳ ಮಗುವಿಗೆ ಹೆದರಿಕೆಯನ್ನು ಯಾರು ಕಲಿಸಿಯಾರು? ಅದು ಹುಟ್ಟುಗುಣ. ಆದರೆ ಅವರೆಲ್ಲ ಅಂಜುಬುರುಕರಾಗಿಯೇ ಬೆಳೆಯಲಿಲ್ಲ ಎಂಬುದನ್ನೂ ಕೇಗನ್ ಕಂಡರು.

ಮೆದುಳಿನ ಒಳಗೆ, ಎರಡೂ ಬದಿಯಲ್ಲಿ, ಬಾದಾಮಿ ಬೀಜದ ಆಕಾರದ ಅಮಿಗ್ಡಲ ಎಂಬ ಭಾಗ ಉಂಟು. ಅಪಾಯದ ಸುಳಿವು ಸಿಕ್ಕರೆ ಅದು ಎಚ್ಚರಿಸುತ್ತದೆ, ಅಡ್ರಿನಲ್ ಗ್ರಂಥಿ ಅಡ್ರಿನಲಿನ್ ಸುರಿಸುತ್ತದೆ, ಎದೆ ಡವಡವ ಅನ್ನುತ್ತದೆ. ಕೆಲವು ಮಕ್ಕಳಲ್ಲಿ ಈ ಗಂಟೆ ಬೇಗ ಬಾರಿಸುತ್ತದೆ, ಅಷ್ಟೇ. ತಮ್ಮ ನಾಟಕ ಮಾಡ್ತಿಲ್ಲ. ಅವನ ಎದೆಯ ಮೇಲೆ ಕೈಯಿಟ್ಟು ನೋಡಿ, ಗೊತ್ತಾಗ್ತದೆ.

ಹಾಗಾದರೆ ಎಳೆದುಕೊಂಡು ಹೋಗಿ ವೇಷದ ಎದುರು ನಿಲ್ಲಿಸಿದರೆ ಧೈರ್ಯ ಬರುತ್ತದೆಯೇ? ಹಲವು ಹಿರಿಯರು ಹಾಗೆಂದೇ ನಂಬಿದ್ದಾರೆ. ನಾನು ಒಪ್ಪುವುದಿಲ್ಲ. 1924ರಲ್ಲಿ ಮೇರಿ ಕವರ್ ಜೋನ್ಸ್ ಪ್ರಕಟಿಸಿದ ಪ್ರಯೋಗ ಬೇರೆ ದಾರಿ ತೋರಿಸಿತು. ಪೀಟರ್ ಎಂಬ, ಮೂರು ವರ್ಷ ತುಂಬದ ಹುಡುಗನಿಗೆ ಮೊಲ ಕಂಡರೆ ಭಯ. ಹತ್ತಿಯ ಉಂಡೆಗೂ ಹೆದರುತ್ತಿದ್ದ! ಮೊದಲು, ಮೊಲಕ್ಕೆ ಹೆದರದ ಮಕ್ಕಳ ಜೊತೆ ಅವನನ್ನು ಆಡಲು ಬಿಟ್ಟರು. ಸುಧಾರಿಸುತ್ತಿದ್ದಾಗ ಅವನಿಗೆ ಜ್ವರ ಬಂದು ಆಸ್ಪತ್ರೆ ಸೇರಿದ. ವಾಪಸು ಬರುವಾಗ ದೊಡ್ಡ ನಾಯಿಯೊಂದು ಮೇಲೆರಗಿ ಭಯ ಪುನಃ ಮೊದಲಿನಂತಾಯಿತು. ಆಮೇಲೆ ಜೋನ್ಸ್, ಅವನು ಇಷ್ಟದ ತಿಂಡಿ ತಿನ್ನುವಾಗ ಪಂಜರದಲ್ಲಿದ್ದ ಮೊಲವನ್ನು ದೂರದಲ್ಲಿಟ್ಟರು. ಅವನು ತಿನ್ನುವುದನ್ನು ನಿಲ್ಲಿಸದಷ್ಟು ಮಾತ್ರ ಹತ್ತಿರ ತಂದರು. ಕೊನೆಗೆ ಮೊಲ ಬೆರಳನ್ನು ಮೆಲ್ಲಗೆ ಕಚ್ಚಿದರೂ ಪೀಟರ್ ಸುಮ್ಮನಿದ್ದ.

ನಮ್ಮೂರಲ್ಲಿ ಇದಕ್ಕೆ ಚೌಕಿಯೇ ಉಂಟಲ್ಲ! ಆಟ ಶುರುವಾಗುವ ಮೊದಲು, ಅಪ್ಪನನ್ನೋ ಅಮ್ಮನನ್ನೋ ಕರೆದುಕೊಂಡು, ಮೇಳದವರ ಅನುಮತಿ ಕೇಳಿ ತಮ್ಮನನ್ನು ಬಾಗಿಲ ತನಕ ಒಯ್ಯಿರಿ. ಮಾಮೂಲಿ ಮನುಷ್ಯರೊಬ್ಬರು ಕುಳಿತು ಅಕ್ಕಿಹಿಟ್ಟು, ಸುಣ್ಣ ಕಲಸಿದ ಚುಟ್ಟಿಯನ್ನು ಮುಖಕ್ಕಿಡುವುದನ್ನು ಅವನು ನೋಡಲಿ. ಕೈಯಲ್ಲಿ ಚಕ್ಕುಲಿ ಇರಲಿ. ತಿನ್ನುವುದನ್ನು ನಿಲ್ಲಿಸಿದನೋ, ಎರಡು ಹೆಜ್ಜೆ ಹಿಂದೆ ಬನ್ನಿ. "ಅಳಬೇಡ" ಅನ್ನುವ ಬದಲು "ಶಬ್ದ ಜೋರುಂಟಲ್ವಾ? ನಾನಿದ್ದೇನೆ" ಅನ್ನಿ. ಊಟ ಮಾಡಿಸಲು "ಗುಮ್ಮ ಬರ್ತದೆ" ಅನ್ನುವುದನ್ನು ಮನೆಯಲ್ಲಿ ಎಲ್ಲರೂ ಬಿಡಬೇಕು. ಅಜ್ಜಿಗೂ ನಯವಾಗಿ ಹೇಳಿ.

ಭಯದಿಂದ ವಾರಗಟ್ಟಲೆ ನಿದ್ದೆ, ಊಟ ಕೆಟ್ಟರೆ ಡಾಕ್ಟರರಿಗೆ ತೋರಿಸಲು ಅಪ್ಪ ಅಮ್ಮನಿಗೆ ಹೇಳಿ. ಇಲ್ಲದಿದ್ದರೆ ಒಂದು ನೋಟುಬುಕ್ ಸಾಕು. ತಮ್ಮ ಅಳದೆ ನಿಂತದ್ದು ಎಷ್ಟು ಹೆಜ್ಜೆ ದೂರದಲ್ಲಿ, ಪ್ರತಿ ಆಟದಲ್ಲೂ ತಾರೀಕಿನೊಡನೆ ಬರೆದಿಡಿ. ಒಂದು ಸಲ ದೂರ ಹೆಚ್ಚಾದರೆ ಪೀಟರನ ನಾಯಿಯನ್ನು ನೆನಪಿಸಿಕೊಂಡು, ಅದನ್ನೂ ಹಾಗೆಯೇ ಬರೆಯಿರಿ.