ಮಾಳಿಗೆಯ ಪುನುಗು, ಮಲಬಾರಿನ ಪುನುಗು

ಬೆಂಗಳೂರಿನ ಗೋವಿಂದರಾಜನಗರ, ಮೂಡಲಪಾಳ್ಯದ ಕಡೆ ರಾತ್ರಿ ತಾರಸಿ ಮೇಲೆ ಉದ್ದ ಬಾಲದ ಪ್ರಾಣಿ ಓಡಿದರೆ ಸಾಕು, 'ಅಳಿದುಹೋಗಿದ್ದ ಪುನುಗುಬೆಕ್ಕು ಸಿಕ್ಕಿತು' ಎಂಬ ಮಾತು ಹುಟ್ಟಿಕೊಳ್ಳುತ್ತದೆ. ಈ ಮಾತಿನಲ್ಲಿ ಎರಡು ಬೇರೆ ಪ್ರಾಣಿಗಳು ಕಲೆತುಹೋಗಿವೆ.

ನಂಬಿಕೆ: ನಮ್ಮ ಮಾಳಿಗೆಯಲ್ಲಿರುವುದೇ ಆ ಅಪರೂಪದ ಪ್ರಾಣಿ.

ಸತ್ಯ: ಅಲ್ಲ. ಬೆಂಗಳೂರಿನ ಮಾಳಿಗೆಗಳಲ್ಲಿ ಸೇರಿಕೊಳ್ಳುವುದು ಮರ ಹತ್ತುವ ಸಾಮಾನ್ಯ ಪುನುಗು. ಹಣ್ಣು, ಇಲಿ ತಿಂದು ಬದುಕುತ್ತದೆ. ಬಾಲ ಕಪ್ಪು, ಅದರಲ್ಲಿ ಪಟ್ಟೆಯಿಲ್ಲ. ಹಿಡಿಸಬೇಕಾದ ಅಗತ್ಯವಿಲ್ಲ, ಗಾಯಗೊಂಡಿದ್ದರೆ ಕೆಂಗೇರಿ ಬಳಿಯ ಪೀಪಲ್ ಫಾರ್ ಅನಿಮಲ್ಸ್ ಕೇಂದ್ರಕ್ಕೆ ತಿಳಿಸಬಹುದು.

ಅಳಿಯಿತೆಂದು ಭಾವಿಸಿದ್ದು ಮಲಬಾರ್ ಪುನುಗನ್ನು. ಕನ್ನಡದಲ್ಲಿ ಅದನ್ನು ಮಂಗಳ ಕುತ್ರಿ, ದೊಡ್ಡ ಪುನುಗು ಎಂದೂ ಕರೆಯುತ್ತಾರೆ. 1862ರಲ್ಲಿ ಪ್ರಾಣಿಶಾಸ್ತ್ರಜ್ಞ ಎಡ್ವರ್ಡ್ ಬ್ಲೈತ್ ಇದನ್ನು ಮೊದಲು ವೈಜ್ಞಾನಿಕವಾಗಿ ವಿವರಿಸಿದರು. ನೆಲದ ಮೇಲೇ ಓಡಾಡುವ ಪ್ರಾಣಿ. ಬೆನ್ನುದ್ದಕ್ಕೂ ಕಪ್ಪು ಕೂದಲಿನ ಸಾಲು, ಬಾಲಕ್ಕೆ ಕಪ್ಪು ಪಟ್ಟೆಗಳು. ಹೊನ್ನಾವರದಿಂದ ಕನ್ಯಾಕುಮಾರಿವರೆಗೂ ಇದೆಯೆಂದು 19ನೇ ಶತಮಾನದ ಬರಹಗಳು ಹೇಳುತ್ತವೆ.

ನಂಬಿಕೆ: ಹತ್ತಾರು ವರ್ಷ ಕಾಣದಿದ್ದರೆ ಅಳಿದಂತೆಯೇ.

ಸತ್ಯ: ಕಾಣಲಿಲ್ಲ ಎನ್ನುವುದಕ್ಕಿಂತ ಎಷ್ಟು ಹುಡುಕಿದ್ದೇವೆ ಎನ್ನುವುದು ಮುಖ್ಯ. 1960ರ ದಶಕದ ಕೊನೆಗೆ ಇದು ಅಳಿದೇಹೋಯಿತೇನೋ ಎಂಬ ಭಯವಿತ್ತು. 1987ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯ ಎಳಯೂರಿನಲ್ಲಿ ಮತ್ತೆ ಪತ್ತೆಯಾಯಿತು. ಇದ್ದ ಪ್ರಾಣಿ ಇಪ್ಪತ್ತು ವರ್ಷ ನಮ್ಮ ಲೆಕ್ಕಕ್ಕೆ ಸಿಕ್ಕಿರಲಿಲ್ಲ, ಅಷ್ಟೇ.

ನಂಬಿಕೆ: ಇಂಥವು ಉಳಿದಿದ್ದರೆ ದಟ್ಟ ಕಾಡಿನಲ್ಲೇ.

ಸತ್ಯ: ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಇದು. ಮಲಬಾರಿನಲ್ಲಿ ಇದರ ಕೊನೆಯ ಆಸರೆಯಾಗಿದ್ದದ್ದು ಗೇರು ತೋಟಗಳು. ಬುಡದ ಪೊದೆ ಸವರದೆ ಬಿಟ್ಟ ಹಳೆಯ ತೋಟ ಹಗಲು ಅಡಗಲು ಜಾಗ ಕೊಡುತ್ತಿತ್ತು. ಗೇರು ಕಡಿದು ರಬ್ಬರ್ ಹಾಕಿದಲ್ಲಿ ಪೊದೆಯೂ ಹೋಯಿತು. ಅಭಯಾರಣ್ಯದ ಗಡಿಯೊಳಗೆ ಮಾತ್ರ ಕಾವಲಿಟ್ಟರೆ ಇಂಥ ಪ್ರಾಣಿ ಕಣ್ತಪ್ಪಿ ಹೋಗುತ್ತದೆ.

ನಂಬಿಕೆ: ಮತ್ತೆ ಸಿಕ್ಕಿತಲ್ಲ, ಇನ್ನು ಚಿಂತೆಯಿಲ್ಲ.

ಸತ್ಯ: 2006–07ರಲ್ಲಿ ಕರ್ನಾಟಕ ಮತ್ತು ಕೇರಳದ ಕಾಡು, ತೋಟಗಳಲ್ಲಿ 1,084 ಕ್ಯಾಮೆರಾ-ರಾತ್ರಿಗಳಷ್ಟು (ಒಂದು ಕ್ಯಾಮೆರಾ ಒಂದು ರಾತ್ರಿ ಕಾದರೆ ಒಂದು ಲೆಕ್ಕ) ಹುಡುಕಿದರೂ ಒಂದು ಚಿತ್ರವೂ ಬರಲಿಲ್ಲ. ಅಂತರರಾಷ್ಟ್ರೀಯ ಸಂರಕ್ಷಣಾ ಒಕ್ಕೂಟ ಐಯುಸಿಎನ್ ಇದನ್ನು 'ತೀವ್ರ ಅಪಾಯದಲ್ಲಿರುವ' ಪಟ್ಟಿಯಲ್ಲಿಟ್ಟಿದೆ. 2010ರಲ್ಲಿ ಸಂಶೋಧಕಿಯರಾದ ಆರ್. ನಂದಿನಿ ಮತ್ತು ದಿವ್ಯಾ ಮುದ್ದಪ್ಪ ಹಳೆಯ ದಾಖಲೆಗಳನ್ನೆಲ್ಲ ಜಾಲಾಡಿ ಇನ್ನೂ ಬುಡದ ಪ್ರಶ್ನೆ ಎತ್ತಿದರು: ಪುನುಗಿನ ಸುಗಂಧದ್ರವ್ಯದ ವ್ಯಾಪಾರಕ್ಕೆಂದು ಆಗ್ನೇಯ ಏಷ್ಯಾದಿಂದ ತಂದ ಪ್ರಾಣಿಗಳೇ ಇಲ್ಲಿ ತಪ್ಪಿಸಿಕೊಂಡು ನೆಲೆಸಿರಬಹುದೇ? ಅಲ್ಲಿನ ದೊಡ್ಡಚುಕ್ಕೆ ಪುನುಗು ನೋಡಲು ಬಹುಮಟ್ಟಿಗೆ ಹೀಗೆಯೇ ಇದೆ. ಸಂಗ್ರಹಾಲಯಗಳಲ್ಲಿರುವ ಹಳೆಯ ಚರ್ಮಗಳ ಡಿಎನ್‌ಎ ಪರೀಕ್ಷೆಯಿಂದ ಇದಕ್ಕೆ ಉತ್ತರ ಹುಡುಕಬಹುದು.

ಹೊನ್ನಾವರ, ಕುಮಟಾ ಕಡೆ ಊರಿರುವವರಿಗೆ ಒಂದು ಮಾತು. ಬಾಲದಲ್ಲಿ ಪಟ್ಟೆಯಿರುವ ಚಿಕ್ಕ ಪುನುಗು ಅಲ್ಲಿ ಇದ್ದೇ ಇದೆ. ಅದಕ್ಕೆ ಬೆನ್ನ ಮೇಲೆ ಕೂದಲಿನ ಸಾಲಿಲ್ಲ. ಗೇರು ಬ್ಯಾಣದಲ್ಲಿ ಆ ಸಾಲಿರುವ ದೊಡ್ಡ ಪ್ರಾಣಿ ಕಂಡರೆ ಬೆನ್ನು, ಬಾಲ ಕಾಣುವಂತೆ ಫೋಟೊ ತೆಗೆದು, ಜಾಗ ಮತ್ತು ಹೊತ್ತು ಬರೆದು ಅರಣ್ಯ ಇಲಾಖೆಗೆ ಕೊಡಿ. ಜಾಗದ ಹೆಸರನ್ನು ಗ್ರೂಪುಗಳಲ್ಲಿ ಹಾಕಬೇಡಿ; ಬೇಟೆಗಾರರೂ ಅದನ್ನು ಓದುತ್ತಾರೆ.