ಬಟವಾಡೆ ಹಣ ಊರಲ್ಲೇ ಎರಡು ಸುತ್ತು ತಿರುಗಲಿ



ಬಟವಾಡೆ ಬಂದ ವಾರ ಒಂದು ಲೆಕ್ಕ ಹಾಕಿ ನೋಡಿ. ಹಿಂಡಿ, ಬೂಸಾ, ಒಣಹುಲ್ಲು, ಕಿರಾಣಿ, ಮಕ್ಕಳ ಬಟ್ಟೆ, ಹೊಲಿಗೆ ಕೂಲಿ, ತೋಟಕ್ಕೆ ಗೊಬ್ಬರ. ಇದಕ್ಕೆಲ್ಲ ಕೊಟ್ಟ ಹಣದಲ್ಲಿ ಊರಿನವರ ಕೈಗೆ ಹೋದದ್ದೆಷ್ಟು, ಪೇಟೆಗೆ ಹೋದದ್ದೆಷ್ಟು? ನಮ್ಮ ಹಾಲು ಪೇಟೆಯ ಹಣವನ್ನು ಹಳ್ಳಿಗೆ ತರುತ್ತದೆ. ಆ ಹಣ ಮರುದಿನವೇ ಬಸ್ಸು ಹತ್ತಿ ಪೇಟೆಗೆ ವಾಪಸು ಹೋದರೆ ನಮಗೆ ಉಳಿಯುವುದು ದುಡಿಮೆ ಮಾತ್ರ.

ಉದಾಹರಣೆಗೆ, ಒಂದು ಸಂಘದಲ್ಲಿ 60 ಸದಸ್ಯೆಯರು ಇದ್ದಾರೆ ಎಂದುಕೊಳ್ಳಿ. ಊರಲ್ಲೇ ಸಿಗಬಹುದಾದ ವಸ್ತುವಿಗೆ ಒಬ್ಬೊಬ್ಬರು ಪ್ರತಿ ಬಟವಾಡೆಯಲ್ಲಿ 300 ರೂಪಾಯಿ ಹೊರಗೆ ಕೊಟ್ಟರೆ ಒಟ್ಟು 18,000 ರೂಪಾಯಿ. ಅಷ್ಟು ವ್ಯಾಪಾರ ಊರಲ್ಲೇ ನಡೆದರೆ ಮೇವು ಬೆಳೆಯುವವಳಿಗೆ, ಬಟ್ಟೆ ಹೊಲಿಯುವವಳಿಗೆ, ಗೊಬ್ಬರ ಮಾಡುವವಳಿಗೆ ಹಾಲಿನ ಜೊತೆಗೆ ಇನ್ನೊಂದು ಆದಾಯ ಆಗುತ್ತದೆ.

ಏಳು ಜನ, ಎಂಬತ್ತು ರೂಪಾಯಿ

ಇದಕ್ಕೆ ದೊಡ್ಡ ಬಂಡವಾಳ ಬೇಕೆಂದು ಹಿಂಜರಿಯಬೇಡಿ. 1959ರ ಮಾರ್ಚ್ 15ರಂದು ಮುಂಬೈನ ಗಿರ್‌ಗಾಂವ್‌ನಲ್ಲಿ ಏಳು ಮಂದಿ ಗೃಹಿಣಿಯರು 80 ರೂಪಾಯಿ ಸಾಲ ಪಡೆದು ಹಪ್ಪಳ ಲಟ್ಟಿಸಲು ಕೂತರು. ಮೊದಲ ದಿನ ಆದದ್ದು ನಾಲ್ಕು ಪ್ಯಾಕೆಟ್. ಅದೇ ಇಂದಿನ ಲಿಜ್ಜತ್ ಹಪ್ಪಳ. ಆ ಏಳು ಮಂದಿಯಲ್ಲಿ ಒಬ್ಬರಾದ ಜಸ್ವಂತಿಬೆನ್ ಪೋಪಟ್ ಅವರಿಗೆ 2021ರಲ್ಲಿ ಪದ್ಮಶ್ರೀ ಬಂತು.

ಲಿಜ್ಜತ್ ನಡೆಯುವ ರೀತಿ ನಮ್ಮ ಡೇರಿಯ ಹಾಗೇ ಇದೆ. ಕೇಂದ್ರದಿಂದ ಹಿಟ್ಟು ತಂದು, ಮನೆಯಲ್ಲೇ ಲಟ್ಟಿಸಿ, ಒಣಗಿಸಿ, ಮರಳಿ ಕೇಂದ್ರಕ್ಕೆ ಕೊಡುತ್ತಾರೆ. ಅಲ್ಲಿ ತೂಕ, ಗುಣಮಟ್ಟ ನೋಡಿ ಕೂಲಿ ಕೊಡುತ್ತಾರೆ. ಲಟ್ಟಿಸುವವರೇ ಒಡತಿಯರು, ಲಾಭವೂ ನಷ್ಟವೂ ಅವರದೇ. ಒಬ್ಬೊಬ್ಬರೇ ಹಪ್ಪಳ ಮಾರಲು ಹೊರಟಿದ್ದರೆ ಬೀದಿ ಕೊನೆಯ ಅಂಗಡಿ ದಾಟುತ್ತಿರಲಿಲ್ಲ.

ನಮ್ಮ ನೆಲದಲ್ಲೇ ಇರುವುದೇನು?

ಒಟ್ಟುಗೂಡುವುದು ಹೇಗೆಂದು ಲಿಜ್ಜತ್ ತೋರಿಸಿತು. ಏನು ಮಾಡುವುದು ಎಂಬುದಕ್ಕೆ ನಮ್ಮ ಶಿವಮೊಗ್ಗ ಜಿಲ್ಲೆ ಸಾಗರ ತಾಲ್ಲೂಕಿನ ಹೆಗ್ಗೋಡು ಕಡೆ ನೋಡೋಣ. ರಂಗಕರ್ಮಿ ಪ್ರಸನ್ನ ಅವರ ಮುಂದಾಳತ್ವದಲ್ಲಿ ಅಲ್ಲಿ ಬೆಳೆದ 'ಚರಕ' ಮಹಿಳೆಯರ ಕೈಮಗ್ಗ ಸಹಕಾರ ಸಂಘ. ಅದು ಅಡಿಕೆ ಸೀಮೆ. ಅಡಿಕೆ ಬೇಯಿಸಿದ ನೀರಿನ ಚೊಗರು ಅಲ್ಲಿ ಧಾರಾಳ. ಆ ಚೊಗರಿನಿಂದಲೇ ನೂಲಿಗೆ ಬಣ್ಣ ಹಾಕಿದರು. ಬಣ್ಣ ಹಾಕುವವರು, ನೇಯುವವರು, ಹೊಲಿಯುವವರು ಎಂದು ಕೆಲಸ ಹಂಚಿಕೊಂಡರು. ಮಾರಾಟಕ್ಕೆ 'ದೇಸಿ' ಅಂಗಡಿಗಳಾದವು. ಕೊರೊನಾ ಬಂದ 2020ರಲ್ಲಿ ಚರಕವೂ ಕಷ್ಟಕ್ಕೆ ಸಿಕ್ಕಿತು. ದೂರದ ಗಿರಾಕಿಯನ್ನು ನಂಬಿದ ಕಸುಬಿಗೆ ಹತ್ತಿರದ ಗಿರಾಕಿಯೂ ಬೇಕು ಎಂಬ ಪಾಠ ಇದರಲ್ಲಿದೆ.

ಅವರಿಗೆ ಚೊಗರು ಇದ್ದಂತೆ ನಮಗೆ ಸಗಣಿ ಇದೆ. ಮಿಶ್ರತಳಿ ಹಸು ದಿನಕ್ಕೆ 10ರಿಂದ 15 ಕಿಲೋ ಸಗಣಿ ಹಾಕುತ್ತದೆ. ತಿಪ್ಪೆಯಲ್ಲಿ ಬಿಸಿಲು ಮಳೆಗೆ ಸಾರ ಕಳೆದುಕೊಳ್ಳುವ ಬದಲು ಅದೇ ಸಗಣಿ ಎರಡು ಮೂರು ತಿಂಗಳಲ್ಲಿ ಎರೆಗೊಬ್ಬರವಾಗುತ್ತದೆ. ತೋಟದವರು, ತರಕಾರಿಯವರು, ಹಿಪ್ಪುನೇರಳೆ ಬೆಳೆಯುವವರು ಚೀಲದ ಲೆಕ್ಕದಲ್ಲಿ ಕೊಳ್ಳುತ್ತಾರೆ. ಮೇವು ಇನ್ನೊಂದು ದಾರಿ. ನೀರಾವರಿ ಇರುವವರು ಮುಸುಕಿನ ಜೋಳ ಬೆಳೆದು, ಕಾಳು ಹಾಲುಗಟ್ಟಿದಾಗ ಕೊಯ್ದು ಕತ್ತರಿಸಿ, ಗಾಳಿಯಾಡದಂತೆ ಚೀಲದಲ್ಲಿ ತುಳಿದು ತುಂಬಿದರೆ ಸುಮಾರು 45 ದಿನಕ್ಕೆ ರಸಮೇವು ಸಿದ್ಧ. ಜಮೀನಿಲ್ಲದ ಸದಸ್ಯೆಗೆ ಬೇಸಿಗೆಯಲ್ಲಿ ಅದು ಊರಲ್ಲೇ ಸಿಗುತ್ತದೆ. ಮೇವು ಕತ್ತರಿಸುವ ಯಂತ್ರ ಮನೆಗೊಂದು ಬೇಡ, ಹತ್ತು ಮನೆಗೆ ಒಂದು ಸಾಕು.

ಮೂರು ಕಲಮಿನ ಪುಸ್ತಕ

ಮುಂದಿನ ಸಂಘದ ಸಭೆಗೆ 100 ಪುಟದ ಒಂದು ನೋಟ್‌ಬುಕ್ ತನ್ನಿ. ಪ್ರತಿ ಸದಸ್ಯೆಯ ಹೆಸರಿನ ಮುಂದೆ ಮೂರು ಕಲಮು ಎಳೆಯಿರಿ: ನಾನು ಹೊರಗಿನಿಂದ ಕೊಳ್ಳುವುದೇನು? ನನಗೆ ಮಾಡಲು ಬರುವುದೇನು? ನಮ್ಮ ಮನೆಯಲ್ಲಿ ವ್ಯರ್ಥವಾಗುವುದೇನು? ಒಬ್ಬಳ ಮೂರನೇ ಕಲಮು ಇನ್ನೊಬ್ಬಳ ಮೊದಲ ಕಲಮಿಗೆ ಎಲ್ಲಿ ಹೊಂದುತ್ತದೆ ನೋಡಿ. ಮೊದಲ ವ್ಯವಹಾರ ಅಲ್ಲಿಂದಲೇ ಶುರು ಮಾಡಿ. ಒಂದೇ ಕಸುಬು ಹಿಡಿಯಿರಿ. ಅದು ಆರು ತಿಂಗಳು ಸರಿಯಾಗಿ ನಡೆದ ಮೇಲೆ ಎರಡನೆಯದು.

ನಾಲ್ಕು ಮಾತು ಮರೆಯಬೇಡಿ. ಪಕ್ಕದ ಮನೆಯವಳು ಎಂದು ಕಳಪೆ ಮಾಲು ಕೊಳ್ಳಬೇಡಿ. ಡೇರಿಯಲ್ಲಿ ನೆಂಟಸ್ತಿಕೆ ನೋಡಿ ಫ್ಯಾಟ್ ಬರೆಯುವುದಿಲ್ಲವಲ್ಲ! ಉದ್ದರಿ ಬೆಳೆಸಬೇಡಿ, ಎಷ್ಟೋ ಗುಂಪು ಮುರಿದದ್ದು ಅದರಿಂದಲೇ. ಹಾಲು ಸಂಘದ ಹಣ ಇದಕ್ಕೆ ಮುಟ್ಟಬೇಡಿ. ಸ್ವಸಹಾಯ ಗುಂಪಿನ ಉಳಿತಾಯದಿಂದ ನಡೆಸಿ, ಲೆಕ್ಕ ಎಲ್ಲರೆದುರು ಓದಿ. ಖನಿಜ ಮಿಶ್ರಣ, ಲಸಿಕೆ, ಔಷಧಿಗಳಲ್ಲಿ ಉಳಿತಾಯ ನೋಡಬೇಡಿ; ಅವನ್ನು ಒಕ್ಕೂಟದಿಂದ, ಪಶುವೈದ್ಯರಿಂದಲೇ ಪಡೆಯಿರಿ.

ಇನ್ನೊಂದು ಪ್ರಶ್ನೆ ನಿಮಗೆ ನೀವೇ ಕೇಳಿಕೊಳ್ಳಿ. ಹುಲ್ಲು ತರುವವಳು, ಕೊಟ್ಟಿಗೆ ಬಾಚುವವಳು, ಹಾಲು ಕರೆಯುವವಳು ನೀವು. ಪಾಸ್‌ಬುಕ್ ಯಾರ ಹೆಸರಲ್ಲಿದೆ? ಹಣ ಊರಲ್ಲಿ ಉಳಿಯಬೇಕಾದರೆ ಮೊದಲು ಅದು ದುಡಿದವಳ ಕೈಗೆ ಬರಬೇಕು. ಸಂಘದ ಸದಸ್ಯತ್ವ ಮತ್ತು ಬ್ಯಾಂಕ್ ಖಾತೆ ನಿಮ್ಮ ಹೆಸರಲ್ಲಿ ಇಲ್ಲದಿದ್ದರೆ ಈ ತಿಂಗಳೇ ಸಂಘದ ಕಾರ್ಯದರ್ಶಿಯನ್ನು ಕೇಳಿ. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಅದನ್ನೇ ಬರೆದುಕೊಳ್ಳಿ.